ಆಯುಧಪೂಜೆಗೆ ಇಳಿಸಿದ ಕ್ರೌನ್ ಆಯಿಲ್

ಮನುಷ್ಯನಿಗೆ ಬರುವ ಅನಾಹುತಗಳಲ್ಲಿ ಹೆಚ್ಚಿನವು ಹಿಂದಿನಿಂದ ಬರುತ್ತವೆ. ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮೊದಲೇ ಅವು ಕಿವಿಗೆ ಬಿದ್ದಿರುತ್ತವೆ. ಆದರೂ ನಾವು ಅದು ಬೇರೆ ಯಾರದೋ ಸದ್ದು ಎಂದುಕೊಂಡು ಮುಂದೆ ನೋಡುತ್ತ ಹೋಗುತ್ತಿರುತ್ತೇವೆ. ಇದರಲ್ಲಿ ವೇದಾಂತವೇನೂ ಇಲ್ಲ. ನಮ್ಮ ಅಕ್ಕನ ಡೀಸೆಲ್ ಪಿಕಪ್ಪಿನ ಹಿಂಭಾಗ ಕುಂಯ್ ಎನ್ನತೊಡಗಿತ್ತು, ನಾನು ಅದನ್ನು ಬಹಳ ದಿನ ಪಕ್ಕದಲ್ಲಿ ಹೋಗುವ ಆಟೋಗಳ ತಲೆಗೆ ಕಟ್ಟಿದ್ದೆ, ಅಷ್ಟೆ.

ಅಕ್ಕನದು ಕೃಷ್ಣಮೂರ್ತಿಪುರಂನಲ್ಲಿ ಪಾತ್ರೆ ಬಾಡಿಗೆ ಅಂಗಡಿ. ಮದುವೆಯೋ ತಿಥಿಯೋ ಗೃಹಪ್ರವೇಶವೋ, ಕೊಪ್ಪರಿಗೆ, ಬಾಂಡ್ಲಿ, ಸೌಟು, ಸಾರಿನ ಬಕೆಟ್ಟು, ಎಲ್ಲ ಅವಳಲ್ಲಿಂದ ಹೊರಟು ಅವಳಲ್ಲಿಗೇ ವಾಪಸು ಬರಬೇಕು. ಭಾವ ತೀರಿಕೊಂಡ ಮೇಲೆ ಅಂಗಡಿಯನ್ನು ಅವಳೊಬ್ಬಳೇ ನಡೆಸುತ್ತಿದ್ದಾಳೆ. ಪಿಕಪ್ಪು ಭಾವ ಕೊಂಡದ್ದು, ಓಡಿಸುವವನು ನಾನು. ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕಾಗಿ ಸರ್ವೀಸು ಮುಗಿಸಿದವನು. ಜಡ್ಜು ಸಾಹೇಬರ ಮುಂದೆ ತಗ್ಗಿನ ಮೇಜಿನಲ್ಲಿ ಕೂತು ಊರವರ ವ್ಯಾಜ್ಯಗಳ ಕಡತ ಎತ್ತಿ ಎತ್ತಿ ಕೊಟ್ಟು, ನಿವೃತ್ತಿಯಾದ ಮೇಲೆ ದಟ್ಟಗಳ್ಳಿಯ ಮನೆಯಲ್ಲಿ ಕೂತೆ. ಕೂತವನು ಸುಮ್ಮನಿರಬೇಕಲ್ಲ, ಹುರುಳಿಕಾಯಿಯನ್ನು ಯಾವ ಉದ್ದಕ್ಕೆ ಹೆಚ್ಚಬೇಕು ಎಂಬ ಬಗ್ಗೆ ಮನೆಯವಳಿಗೆ ತೀರ್ಪು ಕೊಡಲು ಶುರುಮಾಡಿದೆ. ಆಕೆಯೇ ನಮ್ಮಕ್ಕನಿಗೆ ಫೋನು ಹಚ್ಚಿ, "ಅತ್ತಿಗೆ, ನಿಮ್ ತಮ್ಮನಿಗೆ ಏನಾದ್ರೂ ಕೆಲಸ ಕೊಡಿ, ನಿಮಗೆ ಪುಣ್ಯ ಬರುತ್ತೆ" ಎಂದಳು. ಅಂದಿನಿಂದ ನಾನು ಕೊಪ್ಪರಿಗೆಗಳ ಸಾರಥಿ.

ಸದ್ದಿನ ವಿಷಯಕ್ಕೆ ಬರುತ್ತೇನೆ. ಪಿಕಪ್ಪಿನ ಹಿಂದಿನ ಎರಡು ಚಕ್ರಗಳ ನಡುವೆ, ಕೆಳಗೆ ಬಗ್ಗಿ ನೋಡಿದರೆ, ಬೂದುಗುಂಬಳದ ಗಾತ್ರದ ಕಬ್ಬಿಣದ ಉಂಡೆಯೊಂದು ಕಾಣುತ್ತದೆ. ಇಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಹಲ್ಲುಗಾಲಿಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತಿರುತ್ತವೆ. ಪುಸ್ತಕದಲ್ಲಿ ಅದರ ಹೆಸರು ಡಿಫರೆನ್ಷಿಯಲ್. ಗ್ಯಾರೇಜಿನಲ್ಲಿ ಕ್ರೌನ್. ಒಳಗಿನ ದೊಡ್ಡ ಹಲ್ಲುಗಾಲಿಯ ಹೆಸರು ಇಡೀ ಉಂಡೆಗೇ ಬಂದುಬಿಟ್ಟಿದೆ. ನಮ್ಮ ಕ್ರೌನು ಗಾಡಿ ಸ್ವಲ್ಪ ವೇಗಕ್ಕೆ ಬಂದ ಕೂಡಲೇ ಹಸಿದ ಸೊಳ್ಳೆಯ ಹಾಗೆ ರಾಗ ಎಳೆಯುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಒಂದು ಸ್ಥಾಯಿ, ಬಿಟ್ಟರೆ ಇನ್ನೊಂದು.

ಗ್ಯಾರೇಜಿನವನು ಒಂದು ಸುತ್ತು ಓಡಿಸಿ ಬಂದು, ಕೈ ಒರೆಸಿಕೊಂಡು, "ಕ್ರೌನ್ ಹಲ್ಲು ಹೋಗಿರ್ಬೋದು ಸಾರ್. ಬಿಚ್ಚಿ ನೋಡ್ಬೇಕು. ಹಬ್ಬ ಆಗ್ಲಿ, ಬನ್ನಿ" ಎಂದ.

ಇದನ್ನು ಅಕ್ಕನಿಗೆ ವರದಿ ಮಾಡಿದೆ. ಅವಳು ಸಾರಿನ ಬಕೆಟ್ಟುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು.

"ಬಿಚ್ಚಿ ನೋಡೋದು ಬ್ಯಾಡ ಕಣೋ. ನಿಮ್ ಭಾವನ್ನೂ ಅಂಗೇ ಬಿಚ್ಚಿ ನೋಡಿದ್ರು. ಆಮೇಲೆ ಏನಾಯ್ತು?"

"ಅದು ಹೊಟ್ಟೆ ಅಕ್ಕ, ಇದು ಆಕ್ಸಲ್ಲು."

"ಎಲ್ಲಾ ಒಂದೇ. ಕೊಟ್ಬುಡ್ತೀನಿ ನಾನು."

ಕೊಡಲು ಗಿರಾಕಿಯೂ ಸಿದ್ಧನಾಗಿದ್ದ. ವಿಜಯನಗರದಲ್ಲಿ ಕುಡಿಯುವ ನೀರಿನ ಕ್ಯಾನುಗಳ ವ್ಯಾಪಾರ ಹೊಸದಾಗಿ ಶುರುಮಾಡಲಿದ್ದ ಒಬ್ಬ ಮನುಷ್ಯ, ಒಂದು ಮದುವೆ ಮನೆಯಲ್ಲಿ ನಮ್ಮ ಗಾಡಿ ನೋಡಿ ಮೋಹಗೊಂಡು, ವಾರಕ್ಕೊಮ್ಮೆ ಅಕ್ಕನಿಗೆ ಫೋನು ಮಾಡುತ್ತಿದ್ದ. ಸದ್ದಿದ್ದರೂ ಪರವಾಗಿಲ್ಲ, ನಮ್ಮ ಕಡೆಯ ಮೇಸ್ತ್ರಿ ಇದ್ದಾನೆ, ನೋಡಿಕೊಳ್ಳುತ್ತಾನೆ ಎನ್ನುತ್ತಿದ್ದ. ಅಕ್ಕ ನನ್ನೆದುರಿಗೇ ಅವನಿಗೆ ಮಾತು ಕೊಟ್ಟಳು: "ನೋಡಪ್ಪ, ಸದ್ದು ಹೋದ್ರೆ ಕೊಡಲ್ಲ. ಹೋಗ್ಲಿಲ್ಲ ಅಂದ್ರೆ ವಿಜಯದಶಮಿ ದಿವಸ ಬಂದು ತಗೊಂಡೋಗು. ಒಳ್ಳೇ ದಿನ."

ಫೋನು ಇಟ್ಟು ನನ್ನ ಕಡೆ ತಿರುಗಿದಳು. "ಗಾಡಿ ಹೋದ್ರೆ ಅಂಗಡೀನೂ ಮುಚ್ಚೋದೇ. ಬಾಡಿಗೆ ಆಟೋದವರ ಕೈಗೆ ನನ್ ಪಾತ್ರೆ ಕೊಟ್ಟು, ಅವು ನಗ್ಗಿಕೊಂಡು ಬರೋದನ್ನ ನೋಡ್ಕೊಂಡು ಕೂರಕ್ಕೆ ನನ್ ಕೈಲಾಗಲ್ಲ."

ಹೀಗೆ ಒಂದು ಕುಂಯ್ ಮೇಲೆ ಅಕ್ಕನ ಅಂಗಡಿ ನಿಂತಿತ್ತು. ಅಂಗಡಿಯ ಮೇಲೆ ನನ್ನ ಬೆಳಗು ಸಂಜೆಗಳು ನಿಂತಿದ್ದವು. ಅದು ಬಿದ್ದರೆ ನಾನು ಮತ್ತೆ ದಟ್ಟಗಳ್ಳಿಗೆ, ಹುರುಳಿಕಾಯಿಗೆ.

ಆಮೇಲಿನ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಫ್ರಿಜ್ಜು ಕುಂಯ್ ಎಂದರೆ ಎದ್ದು ಹೋಗಿ ಬಾಗಿಲು ತೆಗೆದು ನೋಡುತ್ತಿದ್ದೆ. ಫ್ಯಾನು, ಪಕ್ಕದ ಮನೆಯ ಮಿಕ್ಸಿ, ದಸರಾ ದೀಪಗಳಿಗೆಂದು ಬೀದಿಯಲ್ಲಿ ನಿಲ್ಲಿಸಿದ್ದ ಜನರೇಟರು, ಎಲ್ಲದರಲ್ಲೂ ಅದೇ ಶ್ರುತಿ. ತಟ್ಟೆಯ ಮುಂದೆ ಕೂತು ಬಾಯಲ್ಲೇ ಆ ಸದ್ದು ಮಾಡಿ, ಇದು ಏರುವಾಗಿನದೋ ಇಳಿಯುವಾಗಿನದೋ ಎಂದು ಪರೀಕ್ಷಿಸುತ್ತಿದ್ದೆ. "ಗಾಡಿ ಸರಿಯಾಯ್ತೋ ಇಲ್ವೋ ನಂಗೆ ಗೊತ್ತಿಲ್ಲ, ಈಗ ನೀವು ಕುಂಯ್ ಅಂತಿದೀರ" ಎಂದಳು ಮನೆಯವಳು.

ಕೊನೆಗೆ ಹೊಳೆದದ್ದು ಸಾಧಾರಣ ವಿಚಾರ. ಕ್ರೌನಿನ ಎಣ್ಣೆ ಬದಲಾಯಿಸಿ ಎಷ್ಟು ಕಾಲವಾಯಿತು? ಭಾವ ಇದ್ದಾಗ ಆಗಿದ್ದಿರಬೇಕು. ಮರಣದಂಡನೆ ಕೊಡುವ ಮುಂಚೆ ಆರೋಪಿಗೆ ಒಂದು ಅವಕಾಶ ಕೊಡುವುದು ಪದ್ಧತಿ. ಗೇರ್ ಆಯಿಲ್ ಡಬ್ಬ ತಂದೆ. ಮೇಸ್ತ್ರಿಗಳೆಲ್ಲ ತಂತಮ್ಮ ಗ್ಯಾರೇಜು ತೊಳೆದು ಪೂಜೆಗೆ ಅಣಿಮಾಡುತ್ತಿದ್ದುದರಿಂದ, ಭಾವನ ಟೂಲ್ ಬಾಕ್ಸು ಹಿಡಿದು ನಾನೇ ಇಳಿಯುವುದೆಂದು ತೀರ್ಮಾನಿಸಿದೆ. ಅಷ್ಟರಲ್ಲಿ ಆಯುಧಪೂಜೆಯ ಬೆಳಗು ಬಂದಿತ್ತು.

ಎಣ್ಣೆ ಬಿಸಿಯಾಗಿದ್ದರೆ ಸಲೀಸಾಗಿ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಗಾಡಿಯನ್ನು ಒಂದು ಸುತ್ತು ತಿರುಗಿಸಿ, ಕುಂಯ್‌ಗುಟ್ಟಿಸಿ, ಅಂಗಡಿಯ ಮುಂದೆ ನಿಲ್ಲಿಸಿದೆ. ಚಕ್ರಗಳಿಗೆ ರುಬ್ಬುಗುಂಡುಗಳನ್ನು ಅಡ್ಡ ಕೊಟ್ಟು, ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದೆ. ಹಳೆಯ ಎಣ್ಣೆ ಹಿಡಿಯಲು ಒಂದು ಪಾಯಸದ ಬಕೆಟ್ಟು ಕೊಡು ಎಂದು ಕೇಳಿದಾಗ ಅಕ್ಕ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವಿವರಿಸುವುದಿಲ್ಲ. ಬಟ್ಟೆ ನೆನೆಸುವ ಒಡಕು ಪ್ಲಾಸ್ಟಿಕ್ ಟಬ್ಬು ಸಿಕ್ಕಿತು; ಒಡಕು ಮೇಲಂಚಿನಲ್ಲಿದ್ದುದರಿಂದ ಅಡ್ಡಿಯಿರಲಿಲ್ಲ.

ಆ ಉಂಡೆಗೆ ಎರಡು ಬಿರಡೆ. ಪಕ್ಕದಲ್ಲಿ ಎತ್ತರದಲ್ಲಿರುವುದು ಎಣ್ಣೆ ತುಂಬುವ ಬಾಯಿಗೆ, ತಳದಲ್ಲಿರುವುದು ಇಳಿಸುವ ಬಾಯಿಗೆ. ತುಂಬುವ ಬಾಯಿ ತೆರೆಯುತ್ತದೆಂದು ಖಾತ್ರಿಯಾಗದೆ ಇಳಿಸುವ ಬಾಯಿ ತೆರೆಯಬಾರದು, ಇಲ್ಲದಿದ್ದರೆ ಒಣ ಗಾಡಿ ಇಟ್ಟುಕೊಂಡು ಬೀದಿಯಲ್ಲಿ ಕೂರಬೇಕಾಗುತ್ತದೆ. ಇದು ಭಾವ ನನಗೆ ಬಹಳ ಹಿಂದೆ ಹೇಳಿದ ಕಾನೂನು. ಪಾಲಿಸೋಣವೆಂದರೆ ತುಂಬುವ ಬಾಯಿಯೇ ಕಾಣಲಿಲ್ಲ. ಅಲ್ಲಿದ್ದದ್ದು ಬಣ್ಣ.

ಬಣ್ಣದ ಹಿನ್ನೆಲೆ ಹೇಳಬೇಕು. ಬೇರೆಯವರ ಪಾತ್ರೆಯ ಜೊತೆ ಬೆರೆತುಹೋಗದಿರಲಿ ಎಂದು ಅಕ್ಕ ತನ್ನ ಪ್ರತಿಯೊಂದು ಪಾತ್ರೆಯ ತಳಕ್ಕೂ ಹಸಿರು ಬಣ್ಣದ ಗುರುತು ಹಾಕುತ್ತಾಳೆ. ವರ್ಷವಿಡೀ ಬ್ರಷ್ಷು ಹಿಡಿದು ಹಿಡಿದು ಅವಳ ಕೈ ಹದಗೊಂಡಿದೆ. ಆಯುಧಪೂಜೆಗೆ ಮುಂಚೆ, ಡಬ್ಬದಲ್ಲಿ ಉಳಿದ ಬಣ್ಣವನ್ನೆಲ್ಲ ಗಾಡಿಗೆ ಬಳಿಯುವುದು ಅವಳ ಮನೆಯ ಪದ್ಧತಿ. ಮೇಲೆ ಕಾಣುವ ಭಾಗಕ್ಕೆ ಅವಳು ಕೈ ಹಚ್ಚುವುದಿಲ್ಲ, ಅದು ಕಂಪನಿಯ ಬಣ್ಣ. ತಳಭಾಗಕ್ಕೆ ಮಾತ್ರ. "ಮೈಗೆ ಸ್ನಾನ ಮಾಡ್ಸಿ ಪಾದ ಬುಡೋಕಾಗುತ್ತಾ?" ಎನ್ನುತ್ತಾಳೆ. ಹಸಿರು ಸಾಲದೆ ಬಂದ ವರ್ಷ ಕಪ್ಪು, ಕಪ್ಪು ಮುಗಿದ ವರ್ಷ ಗೇಟಿಗೆ ತಂದ ಕೆಂಪು. ಸ್ಕ್ರೂಡ್ರೈವರಿನಿಂದ ಕೆರೆದಂತೆಲ್ಲ ಹಳೆಯ ಹಬ್ಬಗಳು ಪದರ ಪದರವಾಗಿ ನನ್ನ ಮುಖದ ಮೇಲೆ ಉದುರಿದವು.

ಕೊನೆಗೆ ಬಿರಡೆ ಕಂಡಿತು. ಚೌಕದ ಸರಳು ತೂರಿಸಿ, ಕಾಲು ಚಕ್ರಕ್ಕೆ ಒದ್ದುಕೊಂಡು ಎಳೆದೆ. ಅದು ಅಲುಗಿದ್ದೇ ತಡ ಒಳಗಿನಿಂದ ಬುಸ್ಸೆಂದು ಗಾಳಿ ಬಂತು. ಸೋಡಾ ಸೀಸೆ ತೆಗೆದ ಹಾಗೆ. ಅದು ಬರಬಾರದು. ಯಾಕೆ ಬಂತೋ ಆಗ ತಿಳಿಯಲಿಲ್ಲ. ಅಕ್ಕನ ಗಾಡಿಗೆ ನಿಟ್ಟುಸಿರು ಬಿಡಲು ಕಾರಣವಿದೆ ಎಂದುಕೊಂಡು ತಳದ ಬಿರಡೆಗೆ ಸ್ಪ್ಯಾನರ್ ಹಾಕಿದೆ.

ಗೇರ್ ಆಯಿಲಿನ ವಾಸನೆ ಗೊತ್ತಿಲ್ಲದವರಿಗೆ: ಬೆಳ್ಳುಳ್ಳಿಯನ್ನು ಕೊಳೆಸಿ, ಬೆಂಕಿಕಡ್ಡಿ ಗೀರಿ, ಎರಡನ್ನೂ ಒಂದು ಡಬ್ಬದಲ್ಲಿ ಮುಚ್ಚಿಟ್ಟು, ಬೇಸಿಗೆ ಕಳೆದ ಮೇಲೆ ತೆಗೆಯಿರಿ. ಕಪ್ಪಗೆ ಟಬ್ಬಿಗೆ ಇಳಿಯುತ್ತಿದ್ದ ಹಾಗೆ ಒಳಗಿನಿಂದ ಅಕ್ಕನ ಕೂಗು ಬಂತು: "ಏನೋ ಅದು ನಾತ! ದೇವ್ರ ಮುಂದೆ ಊದುಬತ್ತಿ ಹಚ್ಚಿದ್ದೀನಿ, ಗೊತ್ತೇ ಆಗ್ತಿಲ್ವಲ್ಲೋ!"

ಎಣ್ಣೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆಯಿತ್ತು. ಟಬ್ಬಿನ ತಳ ಮುಚ್ಚಿತು, ಅಷ್ಟೆ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಯೋಚಿಸುತ್ತ ಬಿರಡೆಯನ್ನು ಗೋಣಿಯ ಮೇಲಿಟ್ಟೆ. ತಳದ ಬಿರಡೆಯ ತುದಿಯಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಒಳಗೆ ಸವೆದ ಲೋಹವೆಲ್ಲ ಬಂದು ಅದಕ್ಕೆ ಅಂಟಿಕೊಂಡಿರುತ್ತದೆ. ನುಣ್ಣನೆಯ ಕೆಸರಿದ್ದರೆ ಮಾಮೂಲಿ ಸವೆತ, ಗಾಡಿ ಬದುಕುತ್ತದೆ. ಚೂರುಗಳಿದ್ದರೆ ಹಲ್ಲು ಮುರಿದಿದೆ, ವಿಜಯನಗರಕ್ಕೆ ಹೋಗುತ್ತದೆ. ಅಂದರೆ ಇಡೀ ಮೊಕದ್ದಮೆಯ ಸಾಕ್ಷ್ಯ ಆ ಬಿರಡೆಯ ತುದಿಯಲ್ಲಿತ್ತು. ಕೈಯೆಲ್ಲ ಎಣ್ಣೆ, ಕನ್ನಡಕಕ್ಕೂ ಎಣ್ಣೆ. ತೊಳೆದುಕೊಂಡು ಬಂದು ಬಿಸಿಲಿನಲ್ಲಿ ಹಿಡಿದು ಸಾವಧಾನವಾಗಿ ನೋಡೋಣವೆಂದು, ತೊಟ್ಟಿಕ್ಕುವ ಎಣ್ಣೆಯನ್ನು ಅದರ ಪಾಡಿಗೆ ಬಿಟ್ಟು ಹಿತ್ತಲಿಗೆ ಹೋದೆ. ಸಾವಧಾನ ನನಗೆ ಒಗ್ಗದ ಸಂಗತಿ. ಅದೊಂದು ಸಲ ಮಾಡಿದೆ.

ಸೀಗೆಪುಡಿ ಹಾಕಿ ಉಜ್ಜಿ, ಒಂದು ಲೋಟ ಕಾಫಿ ಕುಡಿದು ಬಂದು ನೋಡಿದರೆ ಗೋಣಿಚೀಲ ಖಾಲಿ. ಸ್ಪ್ಯಾನರಿಲ್ಲ, ಸರಳಿಲ್ಲ, ಎಣ್ಣೆ ಹಾಕುವ ಪಂಪಿಲ್ಲ, ಬಿರಡೆಗಳಿಲ್ಲ.

"ಅಕ್ಕ! ಸಾಮಾನೆಲ್ಲ ಎಲ್ಲಿ?"

"ಪೂಜೆಗಿಟ್ಟಿದ್ದೀನಿ ಕಣೋ. ಎಷ್ಟ್ ಗಲೀಜಾಗಿತ್ತು! ಎಲ್ಲಾ ಹುಣಸೆಹಣ್ಣು ಹಾಕಿ ತಿಕ್ಕಿ ತೊಳ್ದೆ."

ಒಳಗೆ ಓಡಿದೆ. ದೇವರ ಮುಂದೆ ಬಾಳೆಎಲೆ ಹಾಸಿ, ಈಳಿಗೆಮಣೆ, ಚಾಕು, ಜಾಲರಿ ಸೌಟುಗಳ ಜೊತೆ ಭಾವನ ಟೂಲ್ ಬಾಕ್ಸಿನ ಸಮಸ್ತ ಸಂತತಿಯೂ ಅರಿಸಿನ ಕುಂಕುಮ ಧರಿಸಿ ಸಾಲಾಗಿ ಮಲಗಿತ್ತು. ಪಂಪಿನ ಕೊರಳಿಗೆ ಸೇವಂತಿಗೆ. ತಳದ ಬಿರಡೆ ವೀಳ್ಯದೆಲೆಯ ಮೇಲೆ ಅಡಿಕೆಯ ಹಾಗೆ ಕೂತು ಫಳಫಳ ಹೊಳೆಯುತ್ತಿತ್ತು. ಅದರ ತುದಿಯಲ್ಲಿ ಕೆಸರೂ ಇರಲಿಲ್ಲ, ಚೂರೂ ಇರಲಿಲ್ಲ. ಒಂದು ಬೊಟ್ಟು ಕುಂಕುಮ ಇತ್ತು.

ಕೈ ಚಾಚಿದೆ. ಅಕ್ಕ ಮಣಿಕಟ್ಟಿನ ಮೇಲೆ ಹೊಡೆದಳು.

"ಮುಟ್ಬೇಡ! ಕುಂಕುಮ ಇಟ್ಟಾಯ್ತು. ನಾಳೆ ಪುನಃಪೂಜೆ ಆಗೋವರೆಗೂ ಯಾರೂ ಮುಟ್ಟಂಗಿಲ್ಲ."

"ಅಕ್ಕ, ಗಾಡಿಯ ಹೊಟ್ಟೆ ತೆರೆದಿಟ್ಟು ಬಂದಿದ್ದೀನಿ!"

"ಇರ್ಲಿ, ಗಾಳಿ ಆಡ್ಲಿ. ಇವತ್ತು ಆಯುಧಕ್ಕೆ ರಜ. ವರ್ಷಪೂರ್ತಿ ದುಡೀತವೆ, ಒಂದಿನ ಮಲಗಿದ್ರೆ ನಿನಗೇನೋ ಕಷ್ಟ?"

"ನಾಳೆ ಅವನು ಬರ್ತಾನಲ್ಲ?"

"ಬರ್ಲಿ. ಪೂಜೆ ಬೆಳಿಗ್ಗೇನೇ ಮಾಡ್ತೀನಿ."

ಕೋರ್ಟಿನಲ್ಲಿ ಜಪ್ತಾದ ಮಾಲನ್ನು ಬಿಡಿಸಿಕೊಳ್ಳಲು ಅರ್ಜಿ, ಜಾಮೀನು, ಮೇಲ್ಮನವಿ ಎಂದು ನೂರು ದಾರಿಗಳಿವೆ. ಅಕ್ಕನ ದೇವರಮನೆಯಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ. ಹೊರಗೆ ಬಂದು, ಯಾರಲ್ಲಾದರೂ ಒಂದು ಸ್ಪ್ಯಾನರ್ ಸಿಗಬಹುದೆಂದು ಬೀದಿ ಸುತ್ತಿದೆ. ಸೈಕಲ್ ಅಂಗಡಿಯವನು ಕೈ ಮುಗಿದ. ಗ್ಯಾರೇಜಿನವನು ಪುರಿ ಕಡಲೆ ಕೊಟ್ಟ. ಪ್ಲಂಬರನ ಹೆಂಡತಿ ಬಾಗಿಲಲ್ಲೇ ನಿಂತು "ಇವತ್ತಾ?" ಎಂದು ಕೇಳಿದ ಧಾಟಿಗೆ ನಾನು ಹಬ್ಬದ ಶುಭಾಶಯ ಹೇಳಿ ವಾಪಸಾದೆ. ಇಡೀ ಮೈಸೂರಿನಲ್ಲಿ ಅವತ್ತು ಕುಂಕುಮ ಇಡದ ಸ್ಪ್ಯಾನರ್ ಒಂದೂ ಇರಲಿಲ್ಲ. ಸಿಕ್ಕಿದ್ದರೂ ಉಪಯೋಗವೇನು? ಬಿರಡೆಗಳೇ ದೇವರ ವಶದಲ್ಲಿದ್ದವು.

ಉಳಿದದ್ದು ಸಾಕ್ಷಿಯ ವಿಚಾರಣೆ. ಅಕ್ಕ ಅಡುಗೆಮನೆಯಲ್ಲಿ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದಳು.

"ಅಕ್ಕ, ಯೋಚನೆ ಮಾಡಿ ಹೇಳು. ಆ ಬಿರಡೆ ತುದೀಲಿ ಏನಿತ್ತು?"

"ಯಾವ್ದೋ?"

"ವೀಳ್ಯದೆಲೆ ಮೇಲಿಟ್ಟಿದ್ದೀಯಲ್ಲ, ಅದು."

"ಕೊಳೆ ಇತ್ತು."

"ಎಂಥಾ ಕೊಳೆ? ಚೂರುಚೂರಾಗಿತ್ತಾ?"

"ಕೊಳೇಲಿ ಎಂಥಾದ್ದು ಅಂತ ಇರುತ್ತೇನೋ? ಕಪ್ಪಗಿತ್ತು."

"ಕೈಗೆ ಚುಚ್ಚಿತಾ?"

ಅವಳು ರುಬ್ಬುವುದು ನಿಲ್ಲಿಸಿ, ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿಕೊಂಡು ಯೋಚಿಸಿದಳು. "ಚುಚ್ಚಿಲ್ಲ. ನುಣ್ಣಗಿತ್ತು. ಕಾಡಿಗೆ ಇರುತ್ತಲ್ಲ, ಅಂಗೆ."

"ಖಂಡಿತ?"

"ನೋಡು, ನನ್ನನ್ನ ಕಟಕಟೇಲಿ ನಿಲ್ಲಿಸ್ಬೇಡ. ಬೇಕಾದ್ರೆ ನುಣ್ಣಗಿತ್ತು ಅಂತ ಬರ್ಕೋ, ಇಲ್ಲಾಂದ್ರೆ ಎದ್ದೋಗು, ಹೂರಣ ಗಟ್ಟಿಯಾಗ್ತಾ ಐತೆ."

ಸಾಕ್ಷಿ ನಂಬಲರ್ಹಳು, ಆದರೆ ಗಾಡಿ ಉಳಿಯಬೇಕೆಂದು ನನಗೆ ಆಸೆಯಿದ್ದುದರಿಂದ ನಾನು ನಂಬಲರ್ಹನಾಗಿರಲಿಲ್ಲ. ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅಕ್ಕನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಣ್ಣಿನ ಬುಟ್ಟಿಯ ಆಕಾರದ ಅಯಸ್ಕಾಂತವನ್ನು ಕಿತ್ತು ತಂದು, ದಾರ ಕಟ್ಟಿ, ಆ ನಾತದಲ್ಲಿ ಮೀನು ಹಿಡಿಯುವವನ ಹಾಗೆ ಆಡಿಸಿದೆ. ಕಪ್ಪು ಕೆಸರು ಬಂತು. ಮತ್ತೆ ಇಳಿಬಿಟ್ಟೆ, ಮತ್ತೆ ಕೆಸರು. ಬೆರಳಲ್ಲಿ ತಿಕ್ಕಿದರೆ ನುಣ್ಣಗೇ ಇತ್ತು. ಆದರೂ ಸಮಾಧಾನವಿಲ್ಲ. ಚೂರುಗಳು ಇನ್ನೂ ಉಂಡೆಯೊಳಗೇ ಕೂತಿದ್ದರೆ? ತೆರೆದ ತೂತಿಗೆ ಕಿರುಬೆರಳು ಹಾಕಿ ತಡಕಿದೆ. ಎದ್ದೆ, ಕೂತೆ, ಮತ್ತೆ ಗಾಡಿಯ ಕೆಳಗೆ ತೂರಿದೆ. ಮನೆಯವಳು ಫೋನು ಮಾಡಿ "ನಮ್ಮ ಸ್ಕೂಟರಿಗೂ ಪೂಜೆ ಆಗ್ಬೇಕು, ಬರ್ತೀರೋ, ಅದರ ಹೊಟ್ಟೇನೂ ಅಲ್ಲಿಂದಲೇ ತೆರೀತೀರೋ?" ಎಂದಳು.

ಮಧ್ಯಾಹ್ನ ಗಾಡಿಗೆ ಪೂಜೆ. ಮುಂದೆ ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿ, ಕುಂಬಳಕಾಯಿ ನಿವಾಳಿಸಿ ಒಡೆದದ್ದಾಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಅಕ್ಕ ಪಕ್ಕಕ್ಕೆ ಸರಿದು, "ಹೂಂ, ಮುಂದಕ್ಕೆ ತಗೋ" ಎಂದಳು.

"ಆಗಲ್ಲ. ಒಳಗೆ ಎಣ್ಣೆಯಿಲ್ಲ."

"ಒಂದಡಿ ಕಣೋ!"

"ಒಂದಿಂಚೂ ಇಲ್ಲ."

ಅವಳ ಮುಖ ಸಪ್ಪಗಾಯಿತು. ನಿಂಬೆಹಣ್ಣು ಜಜ್ಜದೆ ಬಿಟ್ಟರೆ ವರ್ಷವಿಡೀ ಕಾಟ. ರುಬ್ಬುಗುಂಡು ತೆಗೆದು, ನ್ಯೂಟ್ರಲ್ ಮಾಡಿ, ನೆರೆಮನೆಯ ಇಬ್ಬರನ್ನು ಕರೆದು ತಳ್ಳಿಸಿದೆವು. ಕೈಯಲ್ಲಿ ತಳ್ಳಿದರೆ ಎಣ್ಣೆಯಿಲ್ಲದ ಹಲ್ಲಿಗೇನೂ ಆಗುವುದಿಲ್ಲ, ಇಂಜಿನ್ ಎಳೆಯಬಾರದಷ್ಟೆ. ಗಾಡಿ ಗಂಭೀರವಾಗಿ ಒಂದು ಗಜ ಸರಿಯಿತು. ಮೂರು ಹಣ್ಣು ಪಿಚಕ್ಕೆಂದವು. ಬಲಗಡೆ ಹಿಂದಿನ ಚಕ್ರದ್ದು ಜಾರಿ ಚರಂಡಿಯ ಕಡೆ ಉರುಳಿಹೋಯಿತು.

"ಯಾಕೋ ಜಾರ್ತು?" ಅಕ್ಕನ ದನಿಯಲ್ಲಿ ಭಯವಿತ್ತು.

ಬಗ್ಗಿ ನೋಡಿದೆ. ಆ ಚಕ್ರದ ಒಳಮೈ ಎಣ್ಣೆಯಿಂದ ಜಿಡ್ಡುಜಿಡ್ಡಾಗಿ, ಟೈರಿನ ಅಂಚಿನವರೆಗೂ ಇಳಿದಿತ್ತು. ಎಣ್ಣೆ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು: ಉಂಡೆಯಿಂದ ಚಕ್ರದವರೆಗಿನ ಆಕ್ಸಲ್ಲಿನ ಕೊಳವೆಯಲ್ಲಿ ಹರಿದು, ಅದರ ತುದಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲನ್ನು ತಳ್ಳಿಕೊಂಡು ಹೊರಗೆ ಬಂದಿತ್ತು. ಆದರೆ ತಳ್ಳಿದ್ದು ಯಾರು? ಆಗ ಬೆಳಗಿನ ಬುಸ್ ನೆನಪಾಯಿತು. ಮತ್ತೆ ಕೆಳಗೆ ತೂರಿದೆ. ಆಯುಧ ಮುಟ್ಟುವಂತಿಲ್ಲ, ಬಟ್ಟೆ ಚೂರು ಮುಟ್ಟಬಹುದಲ್ಲ. ಆಕ್ಸಲ್ಲಿನ ಮೇಲ್ಮೈಯನ್ನು ಒರೆಸುತ್ತ ಹೋದೆ. ಒಂದು ಕಡೆ ಕೈಗೆ ಗುಬುಟು ಸಿಕ್ಕಿತು. ಉಗುರಿನಲ್ಲಿ ಕೆರೆದೆ: ಹಸಿರು, ಕಪ್ಪು, ಕೆಂಪು, ಮತ್ತೆ ಹಸಿರು. ಅದರಡಿಯಲ್ಲಿ ಗುಂಡುಸೂಜಿಯ ತಲೆಯಷ್ಟು ತೂತಿದ್ದ ಚಿಕ್ಕ ಟೋಪಿ.

ಅದು ಆ ಉಂಡೆಯ ಮೂಗು. ಗಾಡಿ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಉಬ್ಬುತ್ತದೆ, ಈ ಮೂಗಿನಿಂದ ಹೊರಗೆ ಹೋಗುತ್ತದೆ. ವರ್ಷ ವರ್ಷ ಭಕ್ತಿಯಿಂದ ಪಾದಕ್ಕೆ ಬಣ್ಣ ಬಳಿಯುತ್ತ ನಮ್ಮ ಮನೆಯವರು ಮೂಗು ಮುಚ್ಚಿದ್ದರು. ಉಸಿರಾಡಲು ಜಾಗವಿಲ್ಲದೆ ಅದು ಸಿಕ್ಕಿದ ಸಂದಿಯಲ್ಲಿ ಎಣ್ಣೆ ಕಕ್ಕಿಕೊಂಡಿತ್ತು. ಎಣ್ಣೆ ಸಾಲದೆ ಹಲ್ಲುಗಳು ಕುಂಯ್ ಎನ್ನುತ್ತಿದ್ದವು.

ಅಕ್ಕನಿಗೆ ಹೇಳಿದೆ. ಅವಳು ಬಗ್ಗಿ, ಬಹಳ ಹೊತ್ತು ನೋಡಿ, ಸೊಂಟ ಹಿಡಿದುಕೊಂಡು ಎದ್ದಳು.

"ಅಷ್ಟ್ ಸಣ್ಣ ಮೂಗು ಇಟ್ಟು ಅದನ್ನ ಬೆನ್ನ ಮೇಲಿಟ್ರೆ ಯಾರಿಗ್ ಕಾಣ್ಸುತ್ತೋ? ಕಂಪನಿಯವರಿಗೆ ಬುದ್ಧಿ ಬ್ಯಾಡ್ವಾ?"

ಆ ಸಂಜೆ ಮನೆಗೆ ಹೋಗಿ ಸ್ಕೂಟರಿನ ಪೂಜೆ ಮುಗಿಸಿದೆ. ಕಾರಣ ಸಿಕ್ಕಿತು ನಿಜ, ಆದರೆ ಬಡಪಾಯಿ ಹಲ್ಲುಗಳು ಎಣ್ಣೆಯಿಲ್ಲದೆ ಎಷ್ಟು ಕಾಲ ಉಜ್ಜಾಡಿದ್ದವೋ, ಏನಾಗಿದ್ದವೋ ಯಾರು ಬಲ್ಲರು. ಫ್ರಿಜ್ಜಿನ ಪ್ಲಗ್ ಕಿತ್ತಿಟ್ಟೆ. ಮನೆಯವಳು ಬಂದು ಮತ್ತೆ ಹಾಕಿದಳು.

ವಿಜಯದಶಮಿ. ಜಂಬೂಸವಾರಿಗೆಂದು ಪೊಲೀಸರು ರಸ್ತೆಗಳಿಗೆ ಅಡ್ಡಗಟ್ಟೆ ಎಳೆಯುವ ಮೊದಲೇ ಕೃಷ್ಣಮೂರ್ತಿಪುರಂ ಸೇರಿದೆ. ಅಕ್ಕನ ಪುನಃಪೂಜೆ ಅವಳ ಗತಿಯಲ್ಲೇ ನಡೆಯಿತು. ನಾನು ಹೊಸಿಲಲ್ಲಿ ನಿಂತು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ವರ್ಗಾಯಿಸುತ್ತಿದ್ದೆ. "ಅಂಗ್ಯಾಕೋ ಒದ್ದಾಡ್ತೀಯ? ಮಂಗಳಾರತಿ ತಗೋ ಮೊದ್ಲು" ಎಂದಳು. ತಗೊಂಡೆ. ಆಯುಧಗಳು ಖುಲಾಸೆಯಾದವು.

ಮೂಗನ್ನು ಪೆಟ್ರೋಲಿನಲ್ಲಿ ತೊಳೆದು, ಗುಂಡುಸೂಜಿ ಆಡಿಸಿ, ಬಾಯಿಂದ ಊದಿ ನೋಡಿದೆ, ಗಾಳಿ ಹಾಯಿತು. ತಳದ ಬಿರಡೆಯನ್ನು ಬಿಗಿದೆ. ಹೊಸ ಎಣ್ಣೆಯನ್ನು ಪಂಪಿನಿಂದ ಒತ್ತುತ್ತಿರುವಾಗ ಗಾಡಿಯ ಪಕ್ಕದಲ್ಲಿ ಒಂದು ಜೊತೆ ಹೊಸ ಚಪ್ಪಲಿ ಬಂದು ನಿಂತಿತು. ಆಮೇಲೆ ಮೊಣಕಾಲು, ಆಮೇಲೆ ಮುಖ. ವಿಜಯನಗರದವನು. ಕೈಯಲ್ಲಿ ಹಾರ, ಕಂಕುಳಲ್ಲಿ ಕುಂಬಳಕಾಯಿ.

"ಏನ್ ಸಾರ್, ನನ್ ಗಾಡೀನ ಬಿಚ್ತಾ ಇದ್ದೀರ?"

"ನಿಮ್ಮ ಗಾಡಿ ಇನ್ನೂ ಆಗಿಲ್ಲ ಸ್ವಾಮಿ. ತೀರ್ಪು ಬಾಕಿ ಇದೆ."

ಎಣ್ಣೆ ತುಂಬುವ ಬಾಯಿಯಿಂದ ತುಳುಕಿತು. ಅಷ್ಟಾದರೆ ಅಳತೆ ಸರಿ. ಬಿರಡೆ ಮುಚ್ಚಿ, ಆ ಜಿಡ್ಡಾದ ಚಕ್ರ ಕಳಚಿ ಬ್ರೇಕನ್ನೂ ಒರೆಸಿ ಕೂರಿಸಿ, ಮೂವರೂ ಗಾಡಿ ಹತ್ತಿದೆವು. ನಾನು ಸ್ಟೀರಿಂಗಿಗೆ, ನಡುವೆ ಅಕ್ಕ, ಆಚೆ ಕಡೆ ಹಾರ ಮತ್ತು ಕುಂಬಳಕಾಯಿ ತೊಡೆಯ ಮೇಲಿಟ್ಟುಕೊಂಡ ಗಿರಾಕಿ. ಜನಸಂದಣಿ ತಪ್ಪಿಸಿ ದಟ್ಟಗಳ್ಳಿಯ ಕಡೆಯಿಂದ ರಿಂಗ್ ರೋಡಿಗೆ ಹೊರಳಿದೆ. ವೇಗ ಏರಿಸಿದೆ.

"ಐತೆ! ಕೇಳಿ, ಸದ್ದು ಐತೆ!" ಎಂದ ಅವನು.

ಕೊಳ್ಳಲು ಬಂದವನು ಗಾಡಿ ಕೆಟ್ಟಿರಲಿ ಎಂದು ಹಾರೈಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಅದು ಟೈರಿನ ಸದ್ದು ಸ್ವಾಮಿ" ಎಂದೆ. ಅಷ್ಟು ಖಚಿತವಾಗಿ ಹೇಳಿದೆನಾದರೂ ನನ್ನ ಕಿವಿಯ ಮೇಲೆ ನನಗೆ ಭರವಸೆ ಉಳಿದಿರಲಿಲ್ಲ.

"ಟೈರ್ ಅಂಗ್ ಕೂಗಲ್ಲ ಸಾರ್!"

"ಕೂಗುತ್ತೆ!"

"ಇಬ್ರೂ ಬಾಯ್ ಮುಚ್ಕೊಳ್ರೋ!" ಎಂದಳು ಅಕ್ಕ. "ನಿಮ್ ಸದ್ದಲ್ಲಿ ನಂಗೇನೂ ಕೇಳಿಸ್ತಿಲ್ಲ. ಇಂಜಿನ್ ಸದ್ದೂ ಬ್ಯಾಡ, ಎಂಗಾದ್ರೂ ಮಾಡು."

ಮುಂದೆ ಇಳಿಜಾರಿತ್ತು. ಗೇರು ತಪ್ಪಿಸಿ ನ್ಯೂಟ್ರಲ್‌ಗೆ ತಂದೆ. ಇಂಜಿನ್ ತಗ್ಗಿ ಗುಡುಗುಡು ಎಂದಿತು, ಗಾಡಿ ತನ್ನ ಭಾರಕ್ಕೆ ತಾನೇ ಉರುಳತೊಡಗಿತು. ಅಕ್ಕ ಕಣ್ಣು ಮುಚ್ಚಿದಳು. ಬಾಳೆಕಂದು ಗಾಳಿಗೆ ಪಟಪಟಿಸುತ್ತಿತ್ತು. ಟೈರು ರಸ್ತೆಯ ಮೇಲೆ ಸರ್ರೆನ್ನುತ್ತಿತ್ತು. ಹಿಂದೆ, ಮೊದಲು ಸೊಳ್ಳೆ ಕೂತಿದ್ದ ಜಾಗದಲ್ಲಿ, ಏನೂ ಇರಲಿಲ್ಲ. ಇಳಿಜಾರು ಮುಗಿಯಿತು. ಮತ್ತೆ ಗೇರಿಗೆ ಹಾಕಿ ವೇಗ ಏರಿಸಿದೆ, ಬಿಟ್ಟೆ, ಮತ್ತೆ ಏರಿಸಿದೆ. ಅಕ್ಕ ಕಣ್ಣು ತೆರೆಯಲಿಲ್ಲ. ಕೊನೆಗೆ ಮಾತಾಡಿದವನು ಗಿರಾಕಿ.

"ಇಲ್ಲ ಕಣಮ್ಮ," ಎಂದ, ಹಾರದ ಗಂಟನ್ನು ನೋಡುತ್ತ. "ಹೋಗೈತೆ."

"ಹೋಗೈತೆ" ಎಂದಳು ಅಕ್ಕ.

ಅಂಗಡಿಯ ಮುಂದೆ ಇಳಿದ ಮೇಲೆ ಅವನಿಗೆ ಕೋಪ ಬಂತು. "ಅಲ್ಲಮ್ಮ, ಸದ್ದಿರೋ ಗಾಡಿ ಕೊಡ್ತೀನಿ, ಸದ್ದಿಲ್ಲದ ಗಾಡಿ ಕೊಡಲ್ಲ ಅಂತೀರ. ಇದ್ಯಾವ ನ್ಯಾಯ? ಹೇಳಿ ಸಾರ್, ನೀವು ಕೋರ್ಟಲ್ಲಿದ್ದೋರು."

ನಾನು ಕೋರ್ಟಿನಲ್ಲಿದ್ದಷ್ಟು ಕಾಲವೂ ಇಂಥ ಪ್ರಶ್ನೆ ಬಂದಾಗ ಕಡತ ನೋಡುತ್ತಿದ್ದೆ. ಕಡತವಿಲ್ಲದ್ದರಿಂದ ಪಂಪು ಒರೆಸಿದೆ.

"ಫೋನಲ್ಲಿ ಏನಂದಿದ್ದೆ? ಅಷ್ಟೇಯ" ಎಂದಳು ಅಕ್ಕ. "ಒಳಗ್ ಬಾ, ಒಬ್ಬಟ್ಟು ಐತೆ. ಹಬ್ಬದ ದಿನ ಬರೀ ಹೊಟ್ಟೇಲಿ ಹೋಗ್ಬಾರ್ದು."

ಅವನು ಸಿಟ್ಟಿನಲ್ಲೇ ಒಬ್ಬಟ್ಟು ತಿಂದ, ತುಪ್ಪ ಮತ್ತೊಮ್ಮೆ ಹಾಕಿಸಿಕೊಂಡ. ಹೊರಡುವಾಗ ಹಾರ, ಕುಂಬಳಕಾಯಿ ಎರಡನ್ನೂ ತಗೊಂಡು, ಇನ್ನೊಂದು ಗಾಡಿ ನೋಡುವುದಿದೆ, ದಿನ ಮೀರುವುದರೊಳಗೆ ಹೋಗಬೇಕು ಎಂದು ಅವಸರವಾಗಿ ನಡೆದ.

ಪಿಕಪ್ಪು ಮಾರಾಟವಾಗಲಿಲ್ಲ. ಹಬ್ಬ ಕಳೆದು ಗ್ಯಾರೇಜು ತೆರೆದ ಮೇಲೆ ಅದರ ಬಲಗಡೆಯ ಹಿಂದಿನ ಚಕ್ರಕ್ಕೆ ಹೊಸ ಆಯಿಲ್ ಸೀಲ್ ಹಾಕಿಸಲಾಯಿತು.